ತಡೆದದ್ದು ಬಾಯನ್ನೋ ಕಾಲನ್ನೋ? ಇಂಗ್ಲಿಷಿನ ಹಿಂಜರಿಕೆ ಮತ್ತು ಅನುಮಾನದ ಪದಗಳು

ಪ್ರಶ್ನೆ: ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ರೆಟಿಸೆಂಟ್, ರಿಲಕ್ಟಂಟ್, ಹೆಸಿಟಂಟ್, ಡಿಫಿಡೆಂಟ್ ಎಂಬ ನಾಲ್ಕಕ್ಕೂ ನಿಘಂಟಿನಲ್ಲಿ ಸುತ್ತಿ ಬಳಸಿ ‘ಹಿಂಜರಿಯುವ’ ಎಂದೇ ಸಿಗುತ್ತದೆ. ಡ್ಯೂಬಿಯಸ್, ಆಂಬಿಗ್ಯುಯಸ್, ಆಂಬಿವಲೆಂಟ್, ಇಕ್ವಿವೊಕಲ್, ವೇಗ್ ಎಲ್ಲಕ್ಕೂ ‘ಸಂದಿಗ್ಧ’ ಇಲ್ಲವೇ ‘ಅಸ್ಪಷ್ಟ’. ಪದಗಳ ಮೂಲ ತಿಳಿದರೆ ಈ ವ್ಯತ್ಯಾಸ ಹಿಡಿಯಬಹುದೇ, ಅಥವಾ ಅದು ಬರೀ ಕುತೂಹಲದ ವಿಷಯವೇ?

ಉತ್ತರ: ಹಿಡಿಯಬಹುದು. ನೀವು ಪಟ್ಟಿ ಮಾಡಿದ ಪದಗಳೆಲ್ಲ ಲ್ಯಾಟಿನ್ ಧಾತುಗಳಿಂದ ಬಂದವು. ಅಲ್ಲಿ ಅವುಗಳಲ್ಲಿ ಹಲವು ಮೈಯಿಂದ ಮಾಡುವ, ಕಣ್ಣಿಗೆ ಕಾಣುವ ಕೆಲಸಗಳ ಹೆಸರು: ಕುಸ್ತಿ ಹಿಡಿಯುವುದು, ಅಂಟಿಕೊಳ್ಳುವುದು, ಗೊತ್ತುಗುರಿಯಿಲ್ಲದೆ ಅಲೆಯುವುದು. ಮನಸ್ಸಿಗೆ ಅನ್ವಯವಾದದ್ದು ಆಮೇಲೆ. ನಿಘಂಟು ಎಲ್ಲವನ್ನೂ ‘ಹಿಂಜರಿಯುವ’ ಎಂಬ ಒಂದೇ ಪದಕ್ಕೆ ಇಳಿಸಿದಾಗ ಆ ಚಿತ್ರ ಅಳಿಸಿಹೋಗುತ್ತದೆ. ಹಾಗಾಗಿ ಇಂಥ ಪದ ಎದುರಾದಾಗ ಮೊದಲು ಕೇಳಿಕೊಳ್ಳಬೇಕಾದದ್ದು, ಇಲ್ಲಿ ತಡೆ ಬಿದ್ದಿರುವುದು ಯಾವುದಕ್ಕೆ ಎಂದು. ಬಾಯಿಗೋ, ಇಚ್ಛೆಗೋ, ಹೆಜ್ಜೆಗೋ, ನಂಬಿಕೆಗೋ? ಅದು ಗೊತ್ತಾದರೆ ಕನ್ನಡದ ಪದ ತಾನಾಗಿ ಬರುತ್ತದೆ, ಏಕೆಂದರೆ ನಮ್ಮಲ್ಲಿ ಇದಕ್ಕೆ ಪದಗಳ ಬಡತನವಿಲ್ಲ. ಮೂಲವೇ ದಾರಿ ತಪ್ಪಿಸುವ ಜಾಗಗಳೂ ಇವೆ. ಅವನ್ನು ಅಲ್ಲಲ್ಲೇ ಹೇಳುತ್ತೇನೆ.

ನಿಮ್ಮ ನಾಲ್ಕು ಪದಗಳಿಂದಲೇ ಶುರು ಮಾಡೋಣ. ರೆಟಿಸೆಂಟ್ ಬಂದದ್ದು ಲ್ಯಾಟಿನ್ನಿನ ‘ಟಾಕೇರೆ’ಯಿಂದ, ಅಂದರೆ ‘ಸುಮ್ಮನಿರು’. ಟ್ಯಾಸಿಟ್ ಕೂಡ ಇದೇ ಕುಟುಂಬದ್ದು. ‘ಟ್ಯಾಸಿಟ್ ಅಪ್ರೂವಲ್’ ಎಂದರೆ ನಾವು ಮೌನ ಸಮ್ಮತಿ ಎನ್ನುವಂಥದ್ದು. ಹಾಗಾಗಿ ರೆಟಿಸೆಂಟ್ ಎಂಬಲ್ಲಿ ತಡೆ ಇರುವುದು ಬಾಯಿಗೆ ಮಾತ್ರ. ತನ್ನ ಬಾಲ್ಯದ ಬಗ್ಗೆ ಒಬ್ಬರು ರೆಟಿಸೆಂಟ್ ಎಂದಿದ್ದರೆ ‘ಬಾಲ್ಯದ ವಿಚಾರಕ್ಕೆ ಅವರು ಬಾಯಿ ಬಿಡುವುದಿಲ್ಲ’ ಎಂದರಾಯಿತು. ಟ್ಯಾಸಿಟರ್ನ್ ಕೂಡ ಅದೇ ಧಾತುವಿನದು, ಆದರೆ ಅದು ಸ್ವಭಾವವನ್ನು ಹೇಳುತ್ತದೆ: ಮಿತಭಾಷಿ, ಮಾತು ಕಡಿಮೆ. ಊರೆಲ್ಲ ಹರಟುವ ಮನುಷ್ಯ ಒಂದು ವಿಷಯದಲ್ಲಿ ರೆಟಿಸೆಂಟ್ ಆಗಿರಬಹುದು, ಟ್ಯಾಸಿಟರ್ನ್ ಆಗಿರಲಾರ.

ರಿಲಕ್ಟಂಟ್‌ನ ಒಳಗಿರುವುದು ‘ಲುಕ್ತಾರಿ’, ಕುಸ್ತಿಯಾಡುವುದು. ರಿಲಕ್ಟಂಟ್ ಎಂದರೆ ಎದುರಾಗಿ ಸೆಣಸುವವನು. ಕವಿ ಮಿಲ್ಟನ್ 1667ರಲ್ಲಿ ಪ್ರಕಟಿಸಿದ ಮಹಾಕಾವ್ಯದಲ್ಲಿ ಸೈತಾನ ಸರ್ಪವಾಗಿ ನೆಲಕ್ಕೆ ಬೀಳುವಾಗ ಈ ಪದ ಬರುತ್ತದೆ; ಅಲ್ಲಿ ಅದರ ಅರ್ಥ ಅಕ್ಷರಶಃ ಒದ್ದಾಡುವುದೇ. ಇಂದು ಒದ್ದಾಟ ಒಳಗೆ ಸರಿದಿದೆ, ಆದರೆ ಉಳಿದುಕೊಂಡಿದೆ. ರಿಲಕ್ಟಂಟ್ ಆದವನಿಗೆ ಆ ಕೆಲಸ ಬೇಡ. ಮಾಡಿದರೂ ಒಲ್ಲದ ಮನಸ್ಸಿನಿಂದ ಮಾಡುತ್ತಾನೆ. ಕನ್ನಡದಲ್ಲಿ ‘ಹಿಂದೇಟು ಹಾಕು’ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಕ್ರಿಯಾವಿಶೇಷಣವಾಗಿ ಬಂದಾಗ ‘ಒಲ್ಲದ ಮನಸ್ಸಿನಿಂದ’.

ಇವೆರಡನ್ನೂ ಇಂಗ್ಲಿಷರೇ ಈಗ ಬೆರೆಸುತ್ತಿದ್ದಾರೆ. ‘ರೆಟಿಸೆಂಟ್ ಟು ಸ್ಪೀಕ್’, ‘ರೆಟಿಸೆಂಟ್ ಟು ಇನ್ವೆಸ್ಟ್’ ಎಂಬ ಪ್ರಯೋಗಗಳು ಪತ್ರಿಕೆಗಳಲ್ಲಿ ಸಾಮಾನ್ಯ. ಗುರುತು ಸುಲಭ. ರೆಟಿಸೆಂಟ್‌ನ ಮುಂದೆ ‘ಅಬೌಟ್’ ಬಂದು ವಿಷಯದ ಹೆಸರಿದ್ದರೆ ಅದು ಮೌನ. ‘ಟು’ ಬಂದು ಕ್ರಿಯಾಪದವಿದ್ದರೆ ಬರೆದವರು ರಿಲಕ್ಟಂಟ್ ಎನ್ನಲು ಹೊರಟು ಇದನ್ನು ಬರೆದಿದ್ದಾರೆ, ನೀವು ಹಿಂದೇಟು ಎಂದೇ ಅನುವಾದಿಸಿ. ‘ಹೂಡಿಕೆದಾರರು ಹಣ ತೊಡಗಿಸಲು ಮಿತಭಾಷಿಗಳಾಗಿದ್ದಾರೆ’ ಎಂಬಂಥ ವಾಕ್ಯ ಕನ್ನಡದಲ್ಲಿ ಹುಟ್ಟಬಾರದು. ನೀವೇ ಇಂಗ್ಲಿಷಿನಲ್ಲಿ ಬರೆಯುವಾಗ ಹಳೆಯ ಭೇದವನ್ನು ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ. ಮೌನಕ್ಕೆಂದೇ ಇರುವ ಒಳ್ಳೆಯ ಪದವೊಂದನ್ನು ಸವೆಸಿ ಹಾಕುವುದರಿಂದ ಯಾರಿಗೂ ಲಾಭವಿಲ್ಲ.

ಹೆಸಿಟೇಟ್‌ನ ಮೂಲ ‘ಹೈರೇರೆ’, ಅಂಟಿಕೊಳ್ಳುವುದು. ಅಡ್ಹೀಸಿವ್ ಎಂಬ ಅಂಟಿನ ಹೆಸರೂ ಇಲ್ಲಿಂದಲೇ. ಹೆಸಿಟೇಟ್ ಮಾಡುವವನ ಕಾಲು ಇದ್ದಲ್ಲೇ ಸಿಕ್ಕಿಕೊಂಡಿದೆ. ಅವನಿಗೆ ಕೆಲಸ ಬೇಡವೆಂದಲ್ಲ, ಹೆಜ್ಜೆ ಕಿತ್ತು ಇಡಲು ಇನ್ನೂ ಆಗಿಲ್ಲ. ಅಸಲಿ ‘ಹಿಂಜರಿಕೆ’ ಇದಕ್ಕೆ ಸಲ್ಲಬೇಕು, ಹಾಗೇ ‘ತಡವರಿಸು’, ‘ಹಿಂದೆಮುಂದೆ ನೋಡು’. ಈ ಭೇದ ಎಷ್ಟು ಮುಖ್ಯ ಎನ್ನುವುದಕ್ಕೆ ಲಸಿಕೆಯ ಉದಾಹರಣೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಜಗತ್ತಿನ ಆರೋಗ್ಯಕ್ಕಿರುವ 10 ಬೆದರಿಕೆಗಳನ್ನು ಪಟ್ಟಿ ಮಾಡಿದಾಗ ‘ವ್ಯಾಕ್ಸಿನ್ ಹೆಸಿಟೆನ್ಸಿ’ಯೂ ಅದರಲ್ಲಿತ್ತು. ಇದನ್ನು ‘ಲಸಿಕೆ ವಿರೋಧ’ ಎಂದು ಅನುವಾದಿಸಿದರೆ, ಇನ್ನೂ ತೀರ್ಮಾನಕ್ಕೆ ಬರದೆ ನಿಂತಿರುವ ತಾಯಿಯನ್ನು ಎದುರಾಳಿಯ ಸಾಲಿಗೆ ತಳ್ಳಿದಂತಾಗುತ್ತದೆ. ಆರೋಗ್ಯ ಕಾರ್ಯಕರ್ತೆ ಆಕೆಯೊಡನೆ ಆಡುವ ಮಾತೇ ಬೇರೆಯಾಗಿಬಿಡುತ್ತದೆ. ‘ಲಸಿಕೆ ಹಿಂಜರಿಕೆ’ ಎಂಬುದೇ ಸರಿ.

ನಾಲ್ಕನೆಯ ಡಿಫಿಡೆಂಟ್ ನಾಲ್ಕರಲ್ಲಿ ಅತ್ಯಂತ ಮೋಸದ ಪದ. ‘ಫೀಡೆರೆ’ ಎಂದರೆ ನಂಬು; ಕಾನ್ಫಿಡೆಂಟ್, ಫಿಡೆಲಿಟಿ, ನಮ್ಮ ತಾಲ್ಲೂಕು ಕಚೇರಿಗಳವರೆಗೂ ಬಂದಿರುವ ಅಫಿಡವಿಟ್ ಎಲ್ಲ ಆ ನಂಬಿಕೆಯ ಸಂತಾನ. ಡಿಫಿಡೆಂಟ್ ಎಂದರೆ ನಂಬಿಕೆಯಿಲ್ಲದವನು. ಯಾರ ಮೇಲೆ? ಇಂದಿನ ಇಂಗ್ಲಿಷಿನಲ್ಲಿ ತನ್ನ ಮೇಲೆಯೇ. ಆದ್ದರಿಂದ ‘ಸಂಕೋಚದ ಸ್ವಭಾವದ’, ‘ತನ್ನ ಮೇಲೆ ತನಗೇ ಭರವಸೆಯಿಲ್ಲದ’ ಎಂಬವು ಹೊಂದುತ್ತವೆ. ಆದರೆ ಹಳೆಯ ಇಂಗ್ಲಿಷಿನಲ್ಲಿ ಅಪನಂಬಿಕೆ ಇದ್ದದ್ದು ಇತರರ ಮೇಲೆ. ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್ 1651ರ ‘ಲೆವಯಾಥನ್’ ಗ್ರಂಥದ 13ನೇ ಅಧ್ಯಾಯದಲ್ಲಿ ಮನುಷ್ಯರ ಜಗಳಕ್ಕೆ ಮೂರು ಮೂಲ ಕಾರಣಗಳನ್ನು ಹೇಳುತ್ತಾನೆ: ಕಾಂಪಿಟಿಷನ್, ಡಿಫಿಡೆನ್ಸ್, ಗ್ಲೋರಿ. ರಾಜ್ಯಶಾಸ್ತ್ರದ ಪಠ್ಯದಲ್ಲಿ ಇದನ್ನು ‘ಪೈಪೋಟಿ, ಸಂಕೋಚ, ಕೀರ್ತಿ’ ಎಂದು ಬರೆದರೆ ವಾದವೇ ಕುಸಿಯುತ್ತದೆ. ಸಂಕೋಚದ ಜನ ಯಾಕೆ ಹೊಡೆದಾಡಬೇಕು? ಅಲ್ಲಿ ಬೇಕಾದದ್ದು ‘ಪರಸ್ಪರ ಅಪನಂಬಿಕೆ’. ಪಕ್ಕದವನು ಯಾವಾಗ ಮೈಮೇಲೆ ಬೀಳುವನೋ ಎಂಬ ಭಯದಿಂದ ಮೊದಲೇ ಹೊಡೆಯುವುದು ಹಾಬ್ಸ್ ಹೇಳುವ ಡಿಫಿಡೆನ್ಸ್. ಪಠ್ಯ ಎಷ್ಟು ಹಳೆಯದು ಎಂಬುದನ್ನು ನೋಡಿಕೊಂಡೇ ಈ ಪದಕ್ಕೆ ಕೈ ಹಾಕಿ.

ನಾಲ್ಕನ್ನೂ ಒಂದೇ ಸನ್ನಿವೇಶದಲ್ಲಿ ಇಟ್ಟು ನೋಡಿ. ಸಭೆಯಲ್ಲಿ ಒಬ್ಬರನ್ನು ವೇದಿಕೆಗೆ ಕರೆದಿದ್ದಾರೆ. ಹೋಗಿ ಕುಳಿತರೂ ಕೇಳಿದ್ದಕ್ಕೆ ಬಾಯಿ ಬಿಡದಿದ್ದರೆ ರೆಟಿಸೆಂಟ್. ‘ನನಗೆ ಇದೆಲ್ಲ ಯಾಕೆ’ ಎಂದುಕೊಂಡು ಎದ್ದರೆ ರಿಲಕ್ಟಂಟ್. ಅರ್ಧ ಎದ್ದು, ಹೋಗಲೋ ಬೇಡವೋ ಎಂದು ಕುರ್ಚಿಯ ಕೈ ಹಿಡಿದು ನಿಂತರೆ ಹೆಸಿಟಂಟ್. ‘ನನಗೆಲ್ಲಿ ಮಾತಾಡಲು ಬರುತ್ತದೆ’ ಎಂಬ ಅಳುಕಿದ್ದರೆ ಡಿಫಿಡೆಂಟ್.

ಇನ್ನು ತಡೆಯುವ ಕ್ರಿಯಾಪದಗಳು. ಇವುಗಳಲ್ಲಿ ಕೆಲವು ಕುದುರೆ ಲಾಯದಿಂದ ಬಂದವು, ಕನ್ನಡದ ಕಡಿವಾಣ, ಲಗಾಮುಗಳ ಹಾಗೆ. ರಿಫ್ರೇನ್‌ನೊಳಗೆ ‘ಫ್ರೇನುಂ’ ಇದೆ, ಅಂದರೆ ಕಡಿವಾಣ. ಕರ್ಬ್ ಕುದುರೆಯ ಗಲ್ಲದ ಕೆಳಗೆ ಬರುವ ಸರಪಳಿ ಅಥವಾ ಪಟ್ಟಿಯ ಹೆಸರು. ರಿಸ್ಟ್ರೇನ್‌ನಲ್ಲಿರುವ ‘ಸ್ಟ್ರಿಂಗೆರೆ’ ಬಿಗಿದು ಕಟ್ಟುವುದು. ಸ್ಟ್ರಿಕ್ಟ್, ಸ್ಟ್ರೇನ್ ಅದರ ಒಡಹುಟ್ಟುಗಳು. ನಮ್ಮ ಸಂಸ್ಕೃತ ಮೂಲದ ‘ಸಂಯಮ’ದ ‘ಯಮ್’ ಧಾತುವೂ ಹಿಡಿದು ನಿಲ್ಲಿಸುವುದೇ. ಅದರಿಂದಾದ ‘ಯಂತಾ’ ಎಂದರೆ ಸಾರಥಿ. ಹಾಗಾಗಿ ರಿಸ್ಟ್ರೇಂಟ್‌ಗೆ ಸಂಯಮ ಎನ್ನುವುದು ಬರೀ ರೂಢಿಯ ಅನುವಾದವಲ್ಲ, ಚಿತ್ರವೂ ಹೊಂದುತ್ತದೆ.

ಎಡವುವುದು ವ್ಯಾಕರಣದಲ್ಲಿ. ಇಂದಿನ ಬಳಕೆಯಲ್ಲಿ ರಿಫ್ರೇನ್‌ಗೆ ಕರ್ಮಪದ ಬೇಕಿಲ್ಲ. ತಡೆಯುವವನೂ ತಡೆಯಿಸಿಕೊಳ್ಳುವವನೂ ಒಬ್ಬನೇ: ‘ರಿಫ್ರೇನ್ ಫ್ರಂ ಸ್ಮೋಕಿಂಗ್’. ‘ರಿಫ್ರೇನ್ ಟು ಸ್ಮೋಕ್’ ತಪ್ಪು. ‘ರಿಫ್ರೇನ್ ಹಿಮ್’ ಕೂಡ ತಪ್ಪು. ಇನ್ನೊಬ್ಬರನ್ನು ತಡೆಯಲು ರಿಸ್ಟ್ರೇನ್ ಬೇಕು. ಹಾಡಿನ ಪಲ್ಲವಿಗೂ ರಿಫ್ರೇನ್ ಎನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ‘ಮುರಿ’ ಎಂಬ ಅರ್ಥದ ಬೇರೆ ಧಾತುವಿನದು, ಹಾಡನ್ನು ನಡುನಡುವೆ ಮುರಿದು ಬರುವ ಸಾಲು. ಕಾನೂನಿನ ಬರಹದಲ್ಲಿ ರಿಸ್ಟ್ರೇಂಟ್‌ಗೆ ಸಂಯಮ ಎಂದು ಹಾಕಿದರೆ ಅನಾಹುತ. ‘ರಾಂಗ್‌ಫುಲ್ ರಿಸ್ಟ್ರೇಂಟ್’ ಎಂದರೆ ಒಬ್ಬರಿಗೆ ಹೋಗಲು ಹಕ್ಕಿರುವ ದಿಕ್ಕಿಗೆ ಹೋಗದಂತೆ ಅಡ್ಡಗಟ್ಟುವ ಅಪರಾಧ. ಭಾರತೀಯ ದಂಡ ಸಂಹಿತೆಯ 339ನೇ ಕಲಮು ಅದನ್ನು ವಿವರಿಸುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 126ನೇ ಕಲಮು. ಅಲ್ಲಿ ‘ಅಕ್ರಮವಾಗಿ ಅಡ್ಡಗಟ್ಟುವುದು’ ಎಂಬುದೇ ಅರ್ಥ. ನಾಲ್ಕೂ ಕಡೆಯಿಂದ ಕೂಡಿಹಾಕಿದರೆ ಅದು ಕನ್‌ಫೈನ್‌ಮೆಂಟ್, ಬೇರೆ ಅಪರಾಧ.

ಚೆಕ್ ಎಂಬ ಪದದ ದಾರಿ ನಮಗೆ ಹತ್ತಿರದ್ದು. ಚದುರಂಗ ಭಾರತದಿಂದ ಪರ್ಷಿಯಾಕ್ಕೆ ಹೋಯಿತು. ಅಲ್ಲಿ ಎದುರಾಳಿಯ ರಾಜನಿಗೆ ದಾಳಿ ಬಿದ್ದಾಗ ‘ಶಾಹ್’, ಅಂದರೆ ರಾಜ, ಎಂದು ಎಚ್ಚರಿಸುತ್ತಿದ್ದರು. ಅದು ಅರಬ್ಬರು, ಫ್ರೆಂಚರ ಬಾಯಲ್ಲಿ ತಿರುಗಿ ಇಂಗ್ಲಿಷಿನಲ್ಲಿ ಚೆಕ್ ಆಯಿತು. ರಾಜನಿಗೆ ಚೆಕ್ ಬಿದ್ದರೆ ಬೇರೆಲ್ಲ ನಡೆಗಳನ್ನು ನಿಲ್ಲಿಸಿ ಮೊದಲು ಅದನ್ನು ತಪ್ಪಿಸಬೇಕು. ಅಲ್ಲಿಂದ ‘ತಡೆ’ ಎಂಬ ಅರ್ಥ, ತಡೆದು ನೋಡುವುದರಿಂದ ‘ತಪಾಸಣೆ’ ಎಂಬ ಅರ್ಥ. ಬ್ಯಾಂಕಿನ ಚೆಕ್ಕೂ ಈ ವಂಶದ್ದೇ. ಆಡಳಿತದ ಬರಹಗಳಲ್ಲಿ ‘ಚೆಕ್ಸ್ ಅಂಡ್ ಬ್ಯಾಲನ್ಸಸ್’ ಬಂದಾಗ ‘ತಪಾಸಣೆ ಮತ್ತು ಸಮತೋಲನ’ ಎಂದು ಅನುವಾದಿಸುವವರಿದ್ದಾರೆ. ಶಾಸಕಾಂಗವು ಕಾರ್ಯಾಂಗವನ್ನು ಹಿಡಿದು ನಿಲ್ಲಿಸುವ ಅಧಿಕಾರದ ಮಾತು ಅದು, ಆದ್ದರಿಂದ ‘ತಡೆ ಮತ್ತು ಸಮತೋಲನ’.

ನ್ಯಾಯಾಲಯದ ಮೂಲಕ ಕನ್ನಡಕ್ಕೆ ನೇರ ಬಂದಿರುವ ಒಂದೆರಡು ಪದಗಳನ್ನೂ ನೋಡಿಬಿಡೋಣ. ಕಾಶಸ್‌ನ ಮೂಲವಾದ ‘ಕವೇರೆ’ (ಎಚ್ಚರವಾಗಿರು) ಎಂಬುದರಿಂದ ಕೇವಿಯಟ್, ‘ಅವನು ಎಚ್ಚರವಾಗಿರಲಿ’. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ ಸಲ್ಲಿಸುವ ಕೇವಿಯಟ್ 90 ದಿನ ಊರ್ಜಿತ. ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುನ್ನೆಚ್ಚರಿಕೆ ಅದು. ಆದರೆ ಸಾಮಾನ್ಯ ಬರಹದಲ್ಲಿ ‘ವಿತ್ ಒನ್ ಕೇವಿಯಟ್’ ಎಂದಿದ್ದರೆ ‘ಒಂದು ಎಚ್ಚರಿಕೆಯೊಡನೆ’ ಎನ್ನಿ. ಡಿಮರ್‌ನೊಳಗೆ ‘ಮೋರಾ’, ತಡ ಎಂಬುದಿದೆ. ಬಂದರಿನಲ್ಲಿ ಸರಕು ತಡವಾಗಿ ಇಳಿದರೆ ತೆರುವ ಡೆಮರೇಜ್, ರಿಸರ್ವ್ ಬ್ಯಾಂಕು 2020ರಲ್ಲಿ ಸಾಲದ ಕಂತಿಗೆ ಅವಕಾಶ ಕೊಟ್ಟ ಮೊರಟೋರಿಯಂ ಎರಡೂ ಅದೇ ತಡ. ಡಿಮರ್ ಮಾಡುವುದೆಂದರೆ ಜೋರಾಗಿ ವಿರೋಧಿಸುವುದಲ್ಲ, ‘ಸ್ವಲ್ಪ ತಡೆಯಿರಿ’ ಎಂಬ ಮೆಲುದನಿಯ ಆಕ್ಷೇಪ. ‘ಐ ಹ್ಯಾವ್ ರಿಸರ್ವೇಷನ್ಸ್’ ಎಂಬುದೂ ಹಾಗೆಯೇ. ಒಪ್ಪಿಗೆಯಲ್ಲಿ ಒಂದು ಪಾಲನ್ನು ಕೊಡದೆ ಹಿಂದಿಟ್ಟುಕೊಂಡಿದ್ದೇನೆ ಎಂದರ್ಥ. ಮೀಸಲಾತಿಗೂ ರೈಲಿನ ಸೀಟಿಗೂ ತಳಕು ಹಾಕಬೇಡಿ. ‘ಪೂರ್ತಿ ಒಪ್ಪಿಗೆಯಿಲ್ಲ’, ‘ಕೆಲವು ತಕರಾರುಗಳಿವೆ’ ಎಂದರೆ ಸಾಕು.

ಈಗ ಅನುಮಾನದ ಕಡೆ ಬರೋಣ. ಕನ್ನಡಿಗರು ಅತಿ ಹೆಚ್ಚು ತಪ್ಪುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಡೌಟ್ ಬಂದದ್ದು ‘ಡುಬಿಟಾರೆ’ಯಿಂದ, ಅದರ ಹಿಂದೆ ‘ಡುಓ’, ಎರಡು. ನಮ್ಮ ‘ದ್ವಿ’ಯೂ ಅದೂ ಒಂದೇ ಮೂಲದವು. ಜರ್ಮನ್ನಿನಲ್ಲೂ ಸಂಶಯಕ್ಕಿರುವ ‘ತ್ಸ್ವೈಫೆಲ್’ನೊಳಗೆ ಎರಡು ಇದೆ, ಕನ್ನಡದ ‘ಎರಡು ಮನಸ್ಸು’ವಿನಲ್ಲೂ ಇದೆ. ಉಚ್ಚಾರದಲ್ಲಿಲ್ಲದ ‘ಬ’ ಕಾಗುಣಿತದಲ್ಲಿ ಯಾಕಿದೆ ಎಂದರೆ, ಫ್ರೆಂಚಿನಿಂದ ಬಂದಾಗ ಅದು ಇರಲೇ ಇಲ್ಲ. ಲ್ಯಾಟಿನ್ ಮೂಲ ಕಾಣಲಿ ಎಂದು ಪಂಡಿತರು ಆಮೇಲೆ ತುರುಕಿದ್ದು. ಡೆಟ್ ಎಂಬ ಸಾಲದ ಪದಕ್ಕೂ ಹೀಗೇ ಆಯಿತು.

ಸಮಸ್ಯೆ ಇರುವುದು ನಮ್ಮ ‘ಅನುಮಾನ’ದಲ್ಲಿ. ಸಂಸ್ಕೃತದ ತರ್ಕಶಾಸ್ತ್ರದಲ್ಲಿ ಅನುಮಾನ ಎಂದರೆ ಹೊಗೆ ಕಂಡು ಬೆಂಕಿಯಿದೆ ಎಂದು ತಿಳಿಯುವುದು, ಅಂದರೆ ಜ್ಞಾನದ ಒಂದು ದಾರಿ. ಕನ್ನಡದ ಬಳಕೆಯಲ್ಲಿ ಅದು ಸಂಶಯವಾಯಿತು, ಆದರೆ ಹಳೆಯ ‘ಊಹೆ’ಯ ಅರ್ಥವನ್ನು ಪೂರ್ತಿ ಬಿಡಲಿಲ್ಲ. ಹಾಗಾಗಿ ನಾವು ಎರಡು ಎದುರುಬದುರು ಮಾತುಗಳನ್ನು ಒಂದೇ ಪದದಲ್ಲಿ ಹೇಳುತ್ತೇವೆ. ‘ಅವನು ಇವತ್ತು ಬರುವುದು ಅನುಮಾನ’ ಎಂದರೆ ಬರಲಾರ ಎಂದು ನನಗನಿಸುತ್ತದೆ. ‘ಅವನೇ ಕದ್ದಿದ್ದಾನೆ ಅಂತ ನನಗೆ ಅನುಮಾನ’ ಎಂದರೆ ಕದ್ದಿದ್ದಾನೆ ಎಂದೇ ಅನಿಸುತ್ತದೆ. ಇಂಗ್ಲಿಷ್ ಇವೆರಡನ್ನೂ ಬೇರೆ ಇಟ್ಟಿದೆ. ಮೊದಲನೆಯದು ಡೌಟ್, ಎರಡನೆಯದು ಸಸ್ಪೆಕ್ಟ್. ಸಸ್ಪೆಕ್ಟ್ ಎಂಬುದು ‘ಕೆಳಗಿನಿಂದ ನೋಡು’ ಎಂಬ ಲ್ಯಾಟಿನ್ ಪದ, ಓರೆಗಣ್ಣಿನ ನೋಟ. ‘ಐ ಡೌಟ್ ದಟ್ ಹಿ ಸ್ಟೋಲ್ ಇಟ್’ ಎಂದು ಒಬ್ಬ ಕನ್ನಡಿಗ ದೂರು ಬರೆದರೆ ಇಂಗ್ಲಿಷ್ ಓದುಗನಿಗೆ ಅದು ‘ಅವನು ಕದ್ದಿರಲಾರ’ ಎಂಬ ಸಮರ್ಥನೆಯಾಗಿ ಕೇಳುತ್ತದೆ. ಆರೋಪ ಹೊರಿಸಲು ಹೋಗಿ ಖುಲಾಸೆ ಕೊಟ್ಟಂತೆ. ಅನುವಾದದಲ್ಲೂ ಇದೇ ಅಪಾಯ ತಿರುವುಮುರುವಾಗಿ ಬರುತ್ತದೆ. ‘ಪೊಲೀಸ್ ಡೌಟ್ ಹಿಸ್ ಇನ್ವಾಲ್ವ್‌ಮೆಂಟ್’ ಎಂದಿದ್ದರೆ ‘ಅವನ ಕೈವಾಡದ ಅನುಮಾನ’ ಎಂದು ಬರೆಯಬೇಡಿ, ಅರ್ಥ ತಲೆಕೆಳಗಾಯಿತು. ‘ಅವನ ಕೈವಾಡ ಇರಲಾರದೆಂದು ಪೊಲೀಸರ ಎಣಿಕೆ’ ಎನ್ನಬೇಕು. ಸಸ್ಪೆಕ್ಟ್‌ಗೆ ‘ಶಂಕೆ’, ‘ಗುಮಾನಿ’ಗಳನ್ನು ಮೀಸಲಿಟ್ಟು, ಡೌಟ್‌ಗೆ ‘ಸಂಶಯ’, ‘-ಆರ’ ರೂಪ (ಬರಲಾರ, ಇರಲಾರದು) ಬಳಸಿದರೆ ಗೊಂದಲ ಬಹಳ ಮಟ್ಟಿಗೆ ತಪ್ಪುತ್ತದೆ. ಒಂದು ಅಪವಾದವಿದೆ: ಸ್ಕಾಟ್ಲೆಂಡಿನ ಇಂಗ್ಲಿಷಿನಲ್ಲಿ ಡೌಟ್ ಎಂದರೆ ಇಂದಿಗೂ ‘ಹಾಗೇ ಆಗುತ್ತದೇನೋ ಎಂಬ ಭಯ’. ಅಲ್ಲಿನ ಕತೆ ಕಾದಂಬರಿಗಳಲ್ಲಿ ‘ಐ ಡೌಟ್ ಇಟ್ಸ್ ಗೋಯಿಂಗ್ ಟು ರೇನ್’ ಎಂದರೆ ಮಳೆ ಬರುವ ಹಾಗಿದೆ ಎಂದು. ಹಳೆಯ ಡೌಟ್‌ಗೆ ಭಯದ ಅರ್ಥವಿದ್ದದ್ದು ರಿಡೌಟಬಲ್ ಎಂಬಲ್ಲಿ ಈಗಲೂ ಕಾಣುತ್ತದೆ: ಎದುರಾಳಿಗೆ ನಡುಕ ಹುಟ್ಟಿಸುವವನು.

ತರಗತಿಯಲ್ಲಿ ಮಕ್ಕಳು ಕೇಳುವ ‘ಸರ್, ಒಂದು ಡೌಟು’ ಭಾರತದ ಇಂಗ್ಲಿಷಿನಲ್ಲಿ ಸರಿಯೇ, ಅದಕ್ಕೆ ಯಾರೂ ನಾಚಬೇಕಿಲ್ಲ. ಹೊರದೇಶದ ಸಹೋದ್ಯೋಗಿಗೆ ಬರೆಯುವಾಗ ಮಾತ್ರ ‘ಕ್ವೆಶ್ಚನ್’ ಎನ್ನಿ. ಅವರಿಗೆ ‘ಐ ಹ್ಯಾವ್ ಎ ಡೌಟ್’ ಎಂದರೆ ‘ನೀವು ಹೇಳಿದ್ದು ನಂಬಲಾಗುತ್ತಿಲ್ಲ’ ಎಂದು ಕೇಳಿಸಬಹುದು. ಇನ್ನೊಂದು ಸೂಕ್ಷ್ಮ: ‘ನೋ ಡೌಟ್’, ‘ಡೌಟ್‌ಲೆಸ್’ ಎಂಬವು ಮೇಲ್ನೋಟಕ್ಕೆ ಗಟ್ಟಿ, ಬಳಕೆಯಲ್ಲಿ ಸಡಿಲ, ‘ಹಾಗೇ ಇರಬೇಕು ಬಿಡಿ’ ಎಂಬಷ್ಟೇ. ‘ನಿಸ್ಸಂಶಯವಾಗಿ’ ಎಂಬ ಭಾರದ ಪದವನ್ನು ‘ಅನ್‌ಡೌಟೆಡ್ಲಿ’ಗೆ ಉಳಿಸಿಕೊಳ್ಳಿ.

ಡ್ಯೂಬಿಯಸ್ ಡೌಟ್‌ನ ತಮ್ಮನೇ, ಆದರೆ ಗುಣ ಕೆಟ್ಟಿದೆ. ಡೌಟ್‌ಫುಲ್ ಎಂದರೆ ಆಗುತ್ತದೋ ಇಲ್ಲವೋ. ಒಂದು ವಸ್ತುವನ್ನೋ ವ್ಯವಹಾರವನ್ನೋ ಡ್ಯೂಬಿಯಸ್ ಎಂದರೆ ಅಲ್ಲಿ ಏನೋ ಸರಿಯಿಲ್ಲ ಎಂಬ ವಾಸನೆ. ‘ಡ್ಯೂಬಿಯಸ್ ಡಿಸ್ಟಿಂಕ್ಷನ್’ಗೆ ‘ಸಂಶಯಾಸ್ಪದ ಗೌರವ’ ಎಂದು ಬರೆಯುವುದನ್ನು ನಿಲ್ಲಿಸಬೇಕು, ನಮ್ಮಲ್ಲಿ ‘ಕುಖ್ಯಾತಿ’ ಎಂಬ ಸೊಗಸಾದ ಪದವಿದೆ.

ಉಳಿದ ನಾಲ್ಕನ್ನು ಬಿಡಿಸಲು, ಎರಡಾಗಿರುವುದು ಏನು ಎಂದು ನೋಡಿ. ಆಂಬಿಗ್ಯುಯಸ್‌ನಲ್ಲಿ ಎರಡಾಗಿರುವುದು ಅರ್ಥ. ಮೂಲ ‘ಆಗೆರೆ’, ಹೊಡೆದುಕೊಂಡು ಹೋಗುವುದು. ದನವನ್ನು ಅತ್ತಲೂ ಇತ್ತಲೂ ಅಟ್ಟಿದಂತೆ ವಾಕ್ಯ ಎರಡು ಕಡೆ ಓಡುತ್ತದೆ. ಬರೆದವರ ಉದ್ದೇಶ ಏನಿತ್ತೆಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಇದಕ್ಕೆ ‘ದ್ವಂದ್ವಾರ್ಥ’ ಬಳಸಬೇಡಿ. ಕನ್ನಡದಲ್ಲಿ ಆ ಪದ ಸಿನಿಮಾದ ಪೋಲಿ ಸಂಭಾಷಣೆಗೆ ಅಂಟಿಕೊಂಡುಬಿಟ್ಟಿದೆ, ಒಪ್ಪಂದಪತ್ರದ ಕಲಮೊಂದನ್ನು ಹಾಗೆಂದರೆ ಓದುಗರು ನಕ್ಕಾರು. ‘ಎರಡರ್ಥಕ್ಕೆ ಎಡೆಕೊಡುವ’ ಅಥವಾ ‘ಸಂದಿಗ್ಧ’ ಇರಲಿ. ಸಂದಿಗ್ಧದ ಧಾತು ‘ದಿಹ್’, ಬಳಿಯುವುದು. ಮೇಲೆ ಏನೋ ಬಳಿದುಹೋಗಿ ಕೆಳಗಿನದು ಕಾಣದಂತಾಗಿರುವುದು. ಸಂದೇಹವೂ ಅದರದೇ ರೂಪ.

ಇಕ್ವಿವೊಕಲ್‌ನಲ್ಲಿ ಎರಡಾಗಿರುವುದು ದನಿ. ‘ವೋಕ್ಸ್’ ಎಂಬ ಲ್ಯಾಟಿನ್ ಪದ ನಮ್ಮ ‘ವಾಕ್’ನ ಜ್ಞಾತಿ; ಎರಡೂ ಕಡೆಗೆ ಸಮವಾಗಿ ಕೇಳಿಸುವ ಮಾತು. ಮನುಷ್ಯರ ಮಾತಿಗೆ ಅನ್ವಯಿಸಿದಾಗ ಇದರಲ್ಲಿ ಉದ್ದೇಶವಿರುತ್ತದೆ, ಜಾರಿಕೊಳ್ಳುವ ಉದ್ದೇಶ. ಲಂಡನ್ನಿನ ಸಂಸತ್ತನ್ನು ಸಿಡಿಮದ್ದಿನಿಂದ ಉಡಾಯಿಸುವ 1605ರ ಸಂಚಿನ ನಂತರ, 1606ರಲ್ಲಿ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ ಹೆನ್ರಿ ಗಾರ್ನೆಟ್‌ನ ವಿಚಾರಣೆ ನಡೆದಾಗ ‘ಇಕ್ವಿವೊಕೇಷನ್’ ದೊಡ್ಡ ವಿವಾದವಾಯಿತು: ಪೂರ್ತಿ ಸುಳ್ಳನ್ನೂ ಆಡದೆ ನಿಜವನ್ನೂ ಬಿಟ್ಟುಕೊಡದೆ ಉತ್ತರಿಸುವುದು ಪಾಪವೋ ಅಲ್ಲವೋ ಎಂದು. ಆ ಪದಕ್ಕೆ ಕೆಟ್ಟ ಹೆಸರು ಗಟ್ಟಿಯಾದದ್ದು ಆ ಕಾಲದಲ್ಲಿ. ಕನ್ನಡದಲ್ಲಿ ಇದಕ್ಕೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತಿಗಿಂತ ಒಳ್ಳೆಯದು ಸಿಗಲಾರದು. ದೀಪ ಎರಡೂ ಕೋಣೆಗೆ ಬೆಳಕು ಕೊಡುತ್ತದೆ, ಯಾವ ಕೋಣೆಗೆ ಎಂದು ಯಾರೂ ಹಿಡಿದು ಕೇಳಲಾಗದು. ಅನ್‌ಇಕ್ವಿವೊಕಲ್ ಆದರೆ ‘ಕಡ್ಡಿ ಮುರಿದಂತೆ’. ಪ್ರಯೋಗಾಲಯದ ವರದಿಯಲ್ಲಿ ‘ಇಕ್ವಿವೊಕಲ್’ ಎಂದಿದ್ದರೆ ಮಾತ್ರ ಈ ಜಾರುವಿಕೆಯ ಛಾಯೆ ಇಲ್ಲ. ರೋಗವಿದೆ ಎನ್ನುವ ಮಟ್ಟಕ್ಕೂ ಇಲ್ಲ ಎನ್ನುವ ಮಟ್ಟಕ್ಕೂ ಸೇರದ ಫಲಿತಾಂಶ, ಸಾಮಾನ್ಯವಾಗಿ ಮತ್ತೆ ಪರೀಕ್ಷಿಸಬೇಕು ಎಂದರ್ಥ. ಅದನ್ನು ‘ಸಂಶಯಾಸ್ಪದ’ ಎಂದು ಅನುವಾದಿಸಿ ರೋಗಿಯನ್ನು ಹೆದರಿಸಬೇಡಿ. ‘ಈ ಪರೀಕ್ಷೆಯಿಂದ ಖಚಿತವಾಗಿಲ್ಲ’ ಎಂದರೆ ಸಾಕು.

ಆಂಬಿವಲೆಂಟ್‌ನಲ್ಲಿ ಎರಡಾಗಿರುವುದು ಮನಸ್ಸು. ಇದು ಹಳೆಯ ಪದವೇ ಅಲ್ಲ. ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು ಕೊಟ್ಟ ಸ್ವಿಸ್ ಮನೋವೈದ್ಯ ಓಯ್ಗನ್ ಬ್ಲಾಯ್ಲರ್ 1910ರ ಸುಮಾರಿಗೆ ಜರ್ಮನ್ನಿನಲ್ಲಿ ಕಟ್ಟಿದ ‘ಆಂಬಿವಲೆಂಟ್ಸ್’ನಿಂದ ಬಂತು: ‘ಎರಡೂ ಕಡೆ’ ಮತ್ತು ‘ಬಲ’. ಒಂದೇ ವಸ್ತುವಿನ ಮೇಲೆ ಒಲವೂ ದ್ವೇಷವೂ ಒಟ್ಟಿಗೆ, ಎರಡೂ ಬಲವಾಗಿ. ಈ ‘ಬಲ’ವನ್ನು ಮರೆತದ್ದರಿಂದಲೇ ಇದನ್ನು ‘ಉದಾಸೀನ’ ಎಂದು ಅನುವಾದಿಸುವ ತಪ್ಪು ಹುಟ್ಟಿದ್ದು. ಉದಾಸೀನನಿಗೆ ಯಾವ ಕಡೆಯೂ ಎಳೆತವಿಲ್ಲ. ಆಂಬಿವಲೆಂಟ್ ಆದವನಿಗೆ ಎರಡೂ ಕಡೆಯಿಂದ ಎಳೆತ. ‘ಬೇಕು ಬೇಡಗಳ ಎಳೆದಾಟ’ ಎನ್ನಬಹುದು. ಮನಸ್ಸು ಒಮ್ಮೆ ಅತ್ತ ಒಮ್ಮೆ ಇತ್ತ ಹೋದರೆ ಅದು ವ್ಯಾಸಿಲೇಟ್, ಅಂದರೆ ‘ಓಲಾಡು’; ನಮ್ಮ ‘ಡೋಲಾಯಮಾನ’ ಅಥವಾ ‘ಹೊಯ್ದಾಟ’. ಶಿಲ್ಲಿಶ್ಯಾಲಿ ಎಂಬ ಆಡುಮಾತು ‘ಶಲ್ ಐ, ಶಲ್ ಐ’, ಅಂದರೆ ‘ಮಾಡಲೋ, ಮಾಡಲೋ’ ಎಂಬ ಗೊಣಗಾಟದಿಂದ ಬಂದದ್ದು. ಅದಕ್ಕೆ ಮೀನಮೇಷ ಎಣಿಸುವುದು ಎಂದರೆ ಮುಗಿಯಿತು.

ವೇಗ್‌ನಲ್ಲಿ ಎರಡೂ ಇಲ್ಲ. ‘ವಾಗುಸ್’ ಎಂದರೆ ಅಲೆಮಾರಿ. ಮಿದುಳಿನಿಂದ ಹೊಟ್ಟೆಯವರೆಗೆ ಅಲೆಯುವ ವೇಗಸ್ ನರಕ್ಕೂ ಅದೇ ಹೆಸರು. ಆಂಬಿಗ್ಯುಯಸ್ ಮಾತಿಗೆ ಸ್ಪಷ್ಟವಾದ ಎರಡು ಅರ್ಥಗಳಿವೆ, ಆರಿಸಲಾಗದು ಅಷ್ಟೆ. ವೇಗ್ ಮಾತಿಗೆ ಒಂದೂ ಸ್ಪಷ್ಟವಿಲ್ಲ, ಅಂಚುಗಳೇ ಇಲ್ಲ. ನಿಮ್ಮ ‘ಅಸ್ಪಷ್ಟ’ವನ್ನು ಇದೊಂದಕ್ಕೇ ಕೊಡಿ.

ಚಿತ್ರದಿಂದಲೇ ಸರಿಯಾದ ಕನ್ನಡ ಹೊಳೆಯುವ ಇನ್ನೂ ಒಂದು ಪದವನ್ನು ಬಿಡಲು ಮನಸ್ಸಿಲ್ಲ. ಪ್ರಿಕೇರಿಯಸ್. ಇದಕ್ಕೆ ‘ಅಪಾಯಕಾರಿ’, ‘ಅನಿಶ್ಚಿತ’ ಎಂದು ಬರೆಯುತ್ತಾರೆ. ಲ್ಯಾಟಿನ್ನಿನಲ್ಲಿ ಅದು ‘ಬೇಡಿ ಪಡೆದದ್ದು’. ರೋಮನ್ ಕಾನೂನಿನಲ್ಲಿ ಒಡೆಯನನ್ನು ಬೇಡಿಕೊಂಡು ಅನುಭವಿಸುವ, ಆತ ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದಾದ ಜಮೀನು ಇತ್ಯಾದಿಗೆ ಈ ಹೆಸರು. ಬೇಡು, ಕೇಳು ಎಂಬ ಆ ಧಾತು ನಮ್ಮ ‘ಪ್ರಶ್ನೆ’ಯಲ್ಲೂ ಇದೆ. ಗುತ್ತಿಗೆ ಕೆಲಸಗಾರರ ‘ಪ್ರಿಕೇರಿಯಸ್ ಎಂಪ್ಲಾಯ್‌ಮೆಂಟ್’ ಬಗ್ಗೆ ಬರೆಯುವಾಗ ಕನ್ನಡದ ‘ಮರ್ಜಿ’ಯನ್ನು ನೆನೆಯಿರಿ: ಇನ್ನೊಬ್ಬರ ಮರ್ಜಿಯ ಮೇಲೆ ನಿಂತ ಕೆಲಸ. ಆ ಕೆಲಸ ಯಾಕೆ ಭದ್ರವಲ್ಲ ಎಂಬ ಕಾರಣವೂ ಅದರೊಳಗೇ ಬಂತು.

ಕಡೆಯದಾಗಿ ಪರ್‌ಹ್ಯಾಪ್ಸ್, ಪ್ರಾಬಬ್ಲಿ, ಮೇ, ಮೈಟ್ ಎಂಬ ಸಣ್ಣ ಪದಗಳು. ನೀವು ಕೇಳಿಲ್ಲ, ಆದರೆ ಅನುವಾದಗಳು ಹೆಚ್ಚು ಸೋಲುವುದು ಇವುಗಳಲ್ಲೇ. ಪರ್‌ಹ್ಯಾಪ್ಸ್‌ನ ‘ಹ್ಯಾಪ್’ ಎಂದರೆ ಅದೃಷ್ಟ, ಆಕಸ್ಮಿಕ. ಹ್ಯಾಪನ್, ಹ್ಯಾಪಿ ಅದರಿಂದಲೇ. ಸಾಧ್ಯತೆ ಎಷ್ಟು ಎಂಬ ಲೆಕ್ಕ ಅದರಲ್ಲಿಲ್ಲ. ನಮ್ಮ ‘ಬಹುಶಃ’ ಸಂಸ್ಕೃತದಲ್ಲಿ ‘ಬಹಳ ಸಲ, ಬಹಳ ಬಗೆಯಲ್ಲಿ’. ಹಾಗಾಗಿ ಅದು ಪ್ರಾಬಬ್ಲಿಗೆ ಹತ್ತಿರ, ಪರ್‌ಹ್ಯಾಪ್ಸ್‌ಗೆ ದೂರ. ಪರ್‌ಹ್ಯಾಪ್ಸ್‌ಗೆ ‘ಇದ್ದರೂ ಇರಬಹುದು’, ‘ಏನೋ’ ಸಾಕು. ಇಂಗ್ಲಿಷಿನಲ್ಲಿ ಬಿಡಿ ಪದಗಳಾಗಿರುವುದನ್ನು ಕನ್ನಡ ಕ್ರಿಯಾಪದದ ಬಾಲದಲ್ಲೇ ಇಟ್ಟಿದೆ: ಬಂದಾನು, ಬರಬಹುದು, ಬಂದಿರಬೇಕು, ಬಂದನೋ ಏನೋ, ಬಂದನಂತೆ. ವ್ಯಾಕರಣದಲ್ಲಿ ಸಂಭಾವನಾರ್ಥಕ ಎನ್ನುವ ‘ಬಂದಾನು’ ರೂಪ ಬರಹದಿಂದ ಮಾಯವಾಗುತ್ತಿರುವುದು ದೊಡ್ಡ ನಷ್ಟ. ಮೈಟ್‌ಗೆ ಅದಕ್ಕಿಂತ ಒಪ್ಪುವ ರೂಪ ಇಲ್ಲ. ‘ಅಂತೆ’ ರಿಪೋರ್ಟೆಡ್ಲಿಗೆ ಸರಿ, ಅಲೆಜೆಡ್ಲಿಗೆ ಸಾಲದು. ಅಲ್ಲಿ ‘ಎಂಬ ಆರೋಪವಿದೆ’ ಎಂದು ಬಿಡಿಸಿಯೇ ಬರೆಯಬೇಕು, ಇಲ್ಲವಾದರೆ ಆರೋಪ ಗಾಳಿಸುದ್ದಿಯಾಗುತ್ತದೆ.

ಈ ಪದಗಳನ್ನು ಅಂದಾಜಿಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಗುಪ್ತಚರ ವಿಶ್ಲೇಷಕ ಶರ್ಮನ್ ಕೆಂಟ್ ಬರೆದಿಟ್ಟ ದಾಖಲೆಯಿದೆ. ಯುಗೊಸ್ಲಾವಿಯದ ಮೇಲೆ ದಾಳಿಯಾಗುವುದು ‘ಸೀರಿಯಸ್ ಪಾಸಿಬಿಲಿಟಿ’ ಎಂದು 1951ರ ವರದಿಯೊಂದರಲ್ಲಿ ಬರೆದಿದ್ದರು. ಎಷ್ಟು ಸಾಧ್ಯತೆ ಎಂದು ಆಮೇಲೆ ಕೇಳಿದಾಗ ಕೆಂಟ್‌ನ ಮನಸ್ಸಿನಲ್ಲಿದ್ದದ್ದು 100ಕ್ಕೆ 65ರಷ್ಟು. ಅದೇ ವಾಕ್ಯಕ್ಕೆ ಒಪ್ಪಿಗೆ ಕೊಟ್ಟ ಸಹೋದ್ಯೋಗಿಗಳ ಲೆಕ್ಕ 20ರಿಂದ 80ರವರೆಗೆ ಹರಡಿತ್ತು. ಇಂದು ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿಯ ವರದಿಗಳಲ್ಲಿ ಈ ಪದಗಳಿಗೆ ಅಂಕಿ ಕಟ್ಟಿದ್ದಾರೆ. ‘ಲೈಕ್ಲಿ’ ಎಂದರೆ ಶೇ 66ರಿಂದ 100, ‘ವೆರಿ ಲೈಕ್ಲಿ’ ಶೇ 90ರಿಂದ 100, ‘ವರ್ಚುಯಲಿ ಸರ್ಟನ್’ ಶೇ 99ರಿಂದ 100, ‘ಅನ್‌ಲೈಕ್ಲಿ’ ಶೇ 0ರಿಂದ 33. ಅಂಥ ವರದಿಯನ್ನು ಕನ್ನಡಕ್ಕೆ ತರುವಾಗ ಒಂದು ಪದಕ್ಕೆ ಒಂದೇ ಕನ್ನಡ ಪದ ಎಂದು ಮೊದಲೇ ಪಟ್ಟಿ ಮಾಡಿಕೊಂಡು ಕೊನೆಯವರೆಗೂ ಅದಕ್ಕೇ ಅಂಟಿಕೊಳ್ಳಿ. ‘ಬಹುಶಃ’, ‘ಪ್ರಾಯಶಃ’, ‘ಸಂಭವವಿದೆ’ ಎಂದು ಸೊಗಸಿಗಾಗಿ ಬದಲಾಯಿಸುತ್ತ ಹೋಗಬೇಡಿ. ಪದ ಮೊದಲ ಸಲ ಬಂದಾಗ ಅಂಕಿಯನ್ನೂ ಪಕ್ಕದಲ್ಲೇ ಬರೆದುಬಿಡಿ.